ಚಂದ್ರಿಕೆಯ ಒಂದು ಮೂಲೆ

ಮಹಿಳಾ ಸಮಾಜದ ಕಾರ್ಯದರ್ಶಿ ಕೆಲಸಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ. ಆದರೂ ಇಪ್ಪತ್ತಾರು ವರ್ಷ ಮದ್ದೂರಿನಲ್ಲಿ ಆ ಕೆಲಸ ಮಾಡಿ, ಹೋದ ಯುಗಾದಿಯ ಹೊತ್ತಿಗೆ ನಾನೇ ಕೇಳಿ ನಿವೃತ್ತಿ ಪಡೆದೆ. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ತಕರಾರು ತೆಗೆಯತೊಡಗಿತ್ತು. ಈಗ ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹೆಣ್ಣುಮಕ್ಕಳು, "ಆಂಟಿ, ನೀವು ಹೇಗೆ ಮಾಡ್ತಿದ್ರಿ ಅಂತ ಬರೆದುಕೊಡಿ" ಎಂದು ಹೊಸ ನೋಟ್‌ಬುಕ್ಕೊಂದನ್ನು ನನ್ನ ಕೈಯಲ್ಲಿಟ್ಟು ಹೋಗಿದ್ದಾರೆ. ಅದರ ರಟ್ಟಿನ ಮೇಲೆ ಎರಡು ಗುಬ್ಬಿಗಳ ಚಿತ್ರವಿದೆ, ಒಂದಕ್ಕೆ ಕಣ್ಣು ಅಚ್ಚಾಗಿಲ್ಲ. ಯಾವ ವರ್ಷ ಏನು ನಡೆಯಿತು, ಯಾರಿಗೆ ಹಾರ ಹಾಕಿದೆವು ಎನ್ನುವುದೆಲ್ಲ ನಡಾವಳಿ ಪುಸ್ತಕದಲ್ಲಿದೆ. ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಾನು ಮನೆ ನೋಡಿಕೊಂಡು ಇದ್ದವಳು. ಓದಿದ್ದು ಮಂಡ್ಯದ ಕಾನ್ವೆಂಟಿನಲ್ಲಿ. ನನ್ನನ್ನು ಕಾರ್ಯದರ್ಶಿ ಮಾಡಿದ್ದಕ್ಕೆ ಕಾರಣ ಎರಡೇ: ಅಕ್ಷರ ದುಂಡಗಿತ್ತು, ಇಂಗ್ಲಿಷ್ ಬರುತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಒಬ್ಬರು ನಮಗೆ ಇನ್ನೊಂದನ್ನೂ ಕಲಿಸಿದ್ದರು. ದೊಡ್ಡವರು ಏನಾದರೂ ಕೇಳಿದರೆ ಬಾಯಿ ಮುಚ್ಚಿಕೊಂಡು ನಿಲ್ಲಬಾರದು, ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು. ಈ ಪಾಠ ನನ್ನನ್ನು ಎಂಥ ಇಕ್ಕಟ್ಟಿಗೆ ಸಿಕ್ಕಿಸಿತು ಎನ್ನುವುದು ಮುಂದೆ ಬರುತ್ತದೆ.

ಅಧ್ಯಕ್ಷೆ ಗಿರಿಜಮ್ಮನವರು ನಿವೃತ್ತ ಹೆಡ್‌ಮಿಸ್. ಅವರು ಯಾರನ್ನೂ ಗದರಿದ್ದು ನಾನು ಕಾಣೆ. ತಪ್ಪಾದಾಗ ನಡಾವಳಿ ಪುಸ್ತಕ ತೆರೆಸಿ, ತಪ್ಪು ಮಾಡಿದವಳ ಕೈಯಲ್ಲೇ ಅದನ್ನು ಬರೆಸುತ್ತಿದ್ದರು. ನನ್ನ ಮೊದಲ ವರ್ಷದ ಶಿವನಸಮುದ್ರ ಪ್ರವಾಸದ ಕೆಳಗೆ ನನ್ನದೇ ದುಂಡಕ್ಷರದಲ್ಲಿ ಹೀಗಿದೆ: "ಕಾರ್ಯದರ್ಶಿಯವರ ಅಜಾಗರೂಕತೆಯಿಂದ ಒಬ್ಬ ಸದಸ್ಯೆ ಜಲಪಾತದ ಬಳಿ ಉಳಿದರು." ಉಳಿದವರು ಟೈಲರ್ ಶಮೀಮಾ. ಹೊರಡುವಾಗ ನಾನು ತಲೆ ಎಣಿಸಿದ್ದೆ, ಲೆಕ್ಕ ಸರಿಯಾಗಿಯೇ ಬಂದಿತ್ತು. ಆದರೆ ಡ್ರೈವರ್ ತನ್ನ ಹೆಂಡತಿಯನ್ನು ಮಳವಳ್ಳಿಯವರೆಗೆ ಹತ್ತಿಸಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಮಳವಳ್ಳಿಯಲ್ಲಿ ಆಕೆ ಇಳಿದಾಗ ಒಂದು ಸೀಟು ಖಾಲಿಯಾಗಿ ಕಂಡು, ನಮ್ಮವರಲ್ಲಿ ಒಬ್ಬರು ಕಡಿಮೆಯೆಂದು ತಿಳಿಯಿತು. ಬಸ್ಸು ತಿರುಗಿಸಿಕೊಂಡು ಹೋದರೆ ಶಮೀಮಾ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅಂಗಡಿಯಾಕೆಯ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ನಮ್ಮನ್ನು ನೋಡಿ, "ಬಂದ್ರಾ? ಇನ್ನೊಂದು ಹುಕ್ ಬಾಕಿ ಅದೆ, ತಡೀರಿ" ಎಂದಳು.

ಅಂದಿನಿಂದ ಜೋಡಿ ಪದ್ಧತಿ ಬಂತು. ಹೊರಡುವಾಗ ಪ್ರತಿಯೊಬ್ಬಳಿಗೂ ಒಬ್ಬಳು ಜೋಡಿ. ತಲೆ ಎಣಿಸುವುದಿಲ್ಲ, "ನಿಮ್ಮ ಜೋಡಿ ಪಕ್ಕದಲ್ಲಿದ್ದಾರಾ?" ಎಂದು ಕೇಳುತ್ತೇವೆ. ನೀವೂ ಇದನ್ನು ಬಿಡಬೇಡಿ.

ಮೊದಲು ಮೀಟಿಂಗಿಗೆ ಕಾರ್ಡು ಬರೆಯುತ್ತಿದ್ದೆ. ಆಮೇಲೆ ಮನೆಮನೆಗೆ ಫೋನು, ಈಗ ವಾಟ್ಸಾಪು. ಅದರಲ್ಲೂ ಓದು ಬಾರದವರು ಸುಮಾರು ಜನ ಇದ್ದಾರೆಂದು ತಡವಾಗಿ ಅರ್ಥವಾಗಿ, ಬರೆಯುವುದನ್ನು ಬಿಟ್ಟು ಮಾತಾಡಿ ಕಳಿಸತೊಡಗಿದೆ. ಹಾಗೆ ನನಗೆ ತಿರುಗಿ ಮಾತಾಡಿ ಕಳಿಸುತ್ತಿದ್ದವರಲ್ಲಿ ಮೊದಲಿಗರು ಸಾಕಮ್ಮ. ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ಅವರದ್ದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಐವತ್ತು ವರ್ಷದಿಂದ ಹುಳು ಸಾಕಿದ ಕೈ. ನನ್ನ ಹೆಸರು ವಿಮಲಾ, ಅವರ ಬಾಯಲ್ಲಿ ಇಮ್ಲಮ್ಮ. "ಇಮ್ಲಮ್ಮ, ಈ ತಿಂಗ್ಳು ನಾನ್ ಬರಕಿಲ್ಲ, ಉಳ ಅಣ್ಣಾಗವೆ" ಎಂದು ಸಂದೇಶ ಬಂದರೆ, ಹುಳುಗಳು ಮೇವು ಬಿಟ್ಟು ಗೂಡು ಕಟ್ಟುವ ಹೊತ್ತಾಗಿದೆ, ಇನ್ನು ಒಂದು ವಾರ ಆಕೆ ಯಾರಿಗೂ ಸಿಗುವುದಿಲ್ಲ ಎಂದು ತಿಳಿಯಬೇಕು. ಹಿಂದಿನಿಂದ ಕತ್ತರಿಯ ಸದ್ದು, ಸೊಪ್ಪಿನ ಸರಸರ ಕೇಳುತ್ತಿತ್ತು.

ಸಾಕಮ್ಮನ ಮೊಮ್ಮಗಳು ಸಹನಾ ಪಿಯುಸಿ ಮುಗಿಸಿದ್ದಳು. ಮೈಸೂರಿನ ಚಿತ್ರಕಲೆ ಕಾಲೇಜಿಗೆ ಸೇರುವ ಆಸೆ. ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಕೇಳಿಬಿಟ್ಟರೆ ಎಂಬ ಹೆದರಿಕೆಗೆ ವಾರಕ್ಕೆರಡು ಸಲ ನಮ್ಮನೆಗೆ ಬರುತ್ತಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಇದ್ದಿಲಿನ ಗೆರೆ. ಅವಳಪ್ಪ ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಕೆಲಸದವನು, ತಾಯಿಯ ಮಾತು ಮೀರದವನು. ಸಾಕಮ್ಮನ ಮಾತು ಒಂದೇ ಆಗಿತ್ತು: "ಗೋಡೆಗ್ ಬಣ್ಣ ಬಳ್ಯಕೆ ಕಾಲೇಜ್ ಯಾಕ್ ಬೇಕು? ನರ್ಸಿಂಗ್ ಮಾಡ್ಲಿ." ಅರ್ಜಿ ಕೊಡಲು ಸೋಮವಾರ ಕಡೆಯ ದಿನ. ಅಪ್ಪನ ಸಹಿ ಬೇಕಿತ್ತು. ಅಜ್ಜಿ ಹೂಂ ಅನ್ನದೆ ಅಪ್ಪ ಪೆನ್ನು ಮುಟ್ಟುವವನಲ್ಲ.

ಆ ವರ್ಷದ ಪ್ರವಾಸಕ್ಕೆ ನಾನು ಬೆಂಗಳೂರಿನ ಆಧುನಿಕ ಕಲೆಯ ಮ್ಯೂಸಿಯಂ ಎಂದು ಸೂಚಿಸಿದೆ. ಗಿರಿಜಮ್ಮನವರು ಕನ್ನಡಕದ ಮೇಲಿನಿಂದ ನೋಡಿದರು.

"ಇದು ಸಮಾಜದ ಪ್ರವಾಸವೋ, ನಿನ್ನ ವಕಾಲತ್ತೋ?"

"ಎರಡೂ" ಎಂದೆ.

"ಹಾಗಿದ್ದರೆ ಸಾಕಮ್ಮನ ಜೋಡಿ ನೀನೇ ಆಗು. ಏನಾದರೂ ನಿನ್ನದೇ ಹೊಣೆ" ಎಂದರು. ಅರ್ಜಿಯ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರಕ್ಕೆ ನಿಗದಿಯಾಯಿತು. ಆ ಸಲದ ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿ ಎರಡೇ ದಿನವಾಗಿದ್ದರಿಂದ ಸಾಕಮ್ಮ ಬಂದರು, ಜೊತೆಗೆ ಸಹನಾಳೂ ಬಂದಳು. ಬಸ್ಸಿನಲ್ಲಿ ಹನಕೆರೆಯ ಹೆಂಗಸೊಬ್ಬಳು ಬೆಂಗಳೂರಿನ ಅಂಗಡಿಗಳ ಬಗ್ಗೆ ಕೇಳಿದರೆ ಸಾಕಮ್ಮ, "ಅದೆಲ್ಲ ಬುಡವ್ವ, ಮನೇಲಿ ಮೂವತ್ತು ಚಂದ್ರಿಕೆ ತೊಳೀದಂಗೆ ಬಿದ್ದವೆ, ಜೀವ ಅಲ್ಲೇ ಅದೆ" ಎಂದರು. ಚಂದ್ರಿಕೆಯೆಂದರೆ ಬಿದಿರಿನ ದೊಡ್ಡ ಚಾಪೆ. ಅದರ ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಹಣ್ಣಾದ ಹುಳು ಆ ಸುರುಳಿಯ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಾವಲಿನಾಕೆ ನಮ್ಮ ಊಟದ ಡಬ್ಬಿ, ನೀರಿನ ಬಾಟಲು, ಸಾಕಮ್ಮನ ಎಲೆಅಡಿಕೆ ಚೀಲ ಎಲ್ಲ ತೆಗೆದಿಡಿಸಿದಳು. ಏನನ್ನೂ ಮುಟ್ಟಬೇಡಿ ಎಂದಳು. ಒಳಗೆ ತಂಪು, ಸದ್ದಿಲ್ಲ. ಸಾಕಮ್ಮ ಎರಡು ಹೆಜ್ಜೆಯಿಟ್ಟು ನಿಂತು ಮೂಸಿ ನೋಡಿದರು. ಮೂಲೆಯಲ್ಲಿ ಪುಟ್ಟ ಬಿಳಿ ಪೆಟ್ಟಿಗೆಯೊಂದು ಗೋಡೆಗೆ ಅಂಟಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಇದು ತ್ಯಾವ ನೋಡೋದಲ್ವಾ?" ಎಂದರು ಸಾಕಮ್ಮ. "ನಮ್ ಉಳದ್ ಮನೇಲೂ ಅದೆ. ಬಿಸ್ಲು ಬೀಳಂಗಿಲ್ಲ, ವಾಸ್ನೆ ಬರಂಗಿಲ್ಲ, ಮುಟ್ಟಂಗಿಲ್ಲ. ನೇಮ ಎಲ್ಲ ಸರಿಯಾಗೇ ಮಡಗವ್ರೆ ಕಣಮ್ಮ."

ನಾನು ಸಹನಾಳ ಮುಖ ನೋಡಿದೆ, ಅವಳು ನನ್ನದನ್ನು ನೋಡಿದಳು. ಶುರು ಚೆನ್ನಾಗಿದೆ ಎಂದುಕೊಂಡೆವು.

ಮೊದಲ ಚಿತ್ರ ಗೋಡೆಯಷ್ಟು ದೊಡ್ಡದು. ಪೂರ್ತಿ ಕಂದು ಬಣ್ಣ, ನಡುವೆ ಒಂದು ಕೆಂಪು ಪಟ್ಟೆ. ಪಕ್ಕದಲ್ಲಿ ಇಂಗ್ಲಿಷಿನ ಚೀಟಿ. ಓದಿದೆ. ಒಂದೊಂದು ಪದವೂ ಗೊತ್ತಿತ್ತು, ಒಟ್ಟಿಗೆ ಏನು ಹೇಳುತ್ತಿವೆ ಎನ್ನುವುದು ಗೊತ್ತಾಗಲಿಲ್ಲ. ಮತ್ತೊಮ್ಮೆ ಓದಿದೆ.

"ಇದೇನವ್ವ?" ಸಾಕಮ್ಮ ಕೇಳಿದರು.

ಅಲ್ಲಿ ಸಿಸ್ಟರ್ ನೆನಪಾದರು ನೋಡಿ. ದೊಡ್ಡವರು ಕೇಳುತ್ತಿದ್ದಾರೆ. ಸುಮ್ಮನಿರಬಾರದು.

"ಕಾವೇರಿಗೆ ಹೊಸ ನೀರು ಬಂದಿರೋದನ್ನ ಬರೆದಿದ್ದಾರೆ" ಎಂದೆ.

"ಓ" ಎಂದು ಸಾಕಮ್ಮ ತಲೆದೂಗಿದರು. ಹಿಂದಿದ್ದ ಹೆಂಗಸರಿಗೂ ಅದು ದಾಟಿತು. ಮುಂದೆ ತುಕ್ಕು ಹಿಡಿದ ಕಬ್ಬಿಣದ ತುಂಡುಗಳ ರಾಶಿ ಬಂತು, ಅದನ್ನು ಹಳೆಯ ರೈಲು ಎಂದೆ. ಬರೀ ಬಿಳಿಯ ಬಟ್ಟೆ ಬಂತು, ಧನುರ್ಮಾಸದ ಮಂಜು ಎಂದೆ. ನನಗೇ ಹುರುಪು ಬಂದಿತ್ತು. ಹತ್ತಿಪ್ಪತ್ತು ಜನ ನನ್ನ ಸುತ್ತ ನಿಂತು ಕೇಳುತ್ತಿದ್ದರು. ಒಬ್ಬಳಂತೂ ಆ ಮಂಜಿನೊಳಗೆ ದನ ಕಾಣಿಸುತ್ತಿದೆ ಎಂದಳು.

ಅಷ್ಟರಲ್ಲಿ ಆ ಕೋಣೆಗಳ ಉಸ್ತುವಾರಿಯ ಯುವತಿ ಬಂದಳು. ಹತ್ತಿಯ ಸೀರೆ, ಕೊರಳಲ್ಲಿ ಗುರುತಿನ ಚೀಟಿ, ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದಳು. ಶಮೀಮಾ ಸಂತೋಷದಿಂದ, "ನಿಮ್ಮ ಕಾವೇರಿ ಚಿತ್ರ ಭಾರೀ ಚೆನ್ನಾಗದೆ" ಎಂದಳು.

"ಕಾವೇರಿಯಾ? ಅದಕ್ಕೆ ಹೆಸರಿಲ್ಲ ಅಮ್ಮ" ಎಂದಳು ಯುವತಿ. "ಅದು ಏನು ಅಂತ ಬರೆದವರೂ ಹೇಳಿಲ್ಲ. ನೋಡಿದವರಿಗೆ ಬಿಟ್ಟಿದ್ದಾರೆ."

"ಆ ಬಿಳೀದು ಮಂಜಲ್ವಾ?"

"ಅದಕ್ಕೂ ಹೆಸರಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಸಾಕಮ್ಮ ದನಿ ಎತ್ತಲಿಲ್ಲ.

"ಗೊತ್ತಿಲ್ಲ ಅಂದಿದ್ರೆ ನಿಮ್ ಗಂಟೇನ್ ಓಯ್ತಿತ್ತು ಇಮ್ಲಮ್ಮ?"

ಸಾಕಮ್ಮ ಮೊಮ್ಮಗಳ ಕಡೆ ತಿರುಗಿದರು. "ನೋಡ್ದಾ ಕೂಸೆ. ಇಷ್ಟ್ ಓದಿರೋರಿಗೇ ತಿಳೀದೆ ಕಥೆ ಕಟ್ಟವ್ರೆ. ನೀನ್ ಓದಿ ಯಾರ್ ಮುಂದೆ ಕಥೆ ಕಟ್ಟೀಯೆ? ನರ್ಸಮ್ಮ ಆದ್ರೆ ಜ್ವರಕ್ಕೆ ಜ್ವರ ಅಂದೀಯೆ, ಗಾಯಕ್ಕೆ ಗಾಯ ಅಂದೀಯೆ. ಬುಟ್ಬುಡು ಇದ."

ಹಾಗೆಂದು ಒಬ್ಬರೇ ಮುಂದಿನ ಕೋಣೆಗೆ ನಡೆದರು. ಅವರ ಜೋಡಿ ನಾನು, ಹಿಂದೆ ಹೋಗಬೇಕಿತ್ತು. ಹೋಗಲು ಮುಖವಿರಲಿಲ್ಲ. ಸಹನಾ ಬೆರಳಿನ ಇದ್ದಿಲು ಗೆರೆಯನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. "ಆಂಟಿ, ನಿಮ್ಮ ಮೇಲೆ ಕೋಪ ಇಲ್ಲ" ಎಂದಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಸೋಮವಾರದ ಬಾಗಿಲನ್ನು ನಾನೇ ನನ್ನ ಕೈಯಾರೆ ಮುಚ್ಚಿದ್ದೆ.

ಆಗ ಒಳಗಿನಿಂದ ಕಾವಲಿನಾಕೆಯ ಕೂಗು ಕೇಳಿಸಿತು. "ಅಮ್ಮಾ, ಬಿಡಿ, ಕೈ ತೆಗೀರಿ."

ಓಡಿದೆವು. ಆ ಕೋಣೆಯಲ್ಲಿ ಇದ್ದದ್ದು ಒಂದೇ ವಸ್ತು. ಗೋಡೆಗೆ ಒರಗಿಸಿದ ಒಂದು ಹಳೆಯ ಚಂದ್ರಿಕೆ. ಮೇಲಿನಿಂದ ಒಂದೇ ಒಂದು ದೀಪದ ಬೆಳಕು ಬಿದ್ದಿತ್ತು. ಗೂಡು ಬಿಡಿಸಿದ ಮೇಲೆ ಸುರುಳಿಗೆ ಅಂಟಿಕೊಂಡು ಉಳಿಯುವ, ಜೇಡರ ಬಲೆಯಂಥ ಎಳೆಗಳು ಆ ಬೆಳಕಿಗೆ ಹೊಳೆಯುತ್ತಿದ್ದವು. ಅದರ ಮುಂದೆ ಸಾಕಮ್ಮ ಕುಕ್ಕರುಗಾಲಲ್ಲಿ ಕೂತು, ಬಲಗಡೆಯ ಕೆಳಮೂಲೆಯಿಂದ ಆ ಎಳೆಗಳನ್ನು ಹದವಾಗಿ ಬಿಡಿಸಿ, ಎಡಗೈಯಲ್ಲಿ ಉಂಡೆ ಮಾಡಿಕೊಳ್ಳುತ್ತಿದ್ದರು.

"ಯಾವ ಮೈಗಳ್ಳಿ ಇದ್ನ ಇಂಗೇ ಬುಟ್ಟೋಳು?" ಎಂದು ತಲೆಯೆತ್ತಿದರು. "ಇದ್ನೆಲ್ಲ ಕಿತ್ತು, ಹುಲ್ಲಿನ ಉರಿ ತೋರ್ಸಿ, ಬಿಸ್ಲಿಗ್ ಹಾಕ್ಬೇಕು. ಇಲ್ದೆ ಓದ್ರೆ ಮುಂದಿನ್ ಬೆಳೆಗೆ ರೋಗ ಬೀಳ್ತದೆ. ನಮ್ ಮನೇಲಿ ಒಂದ್ ಸಲ ಬಿದ್ದಿತ್ತು, ಒಂದ್ ಉಳನೂ ಉಳೀನಿಲ್ಲ."

ಉಸ್ತುವಾರಿಯ ಯುವತಿ ಬಾಗಿಲಲ್ಲಿ ನಿಂತಿದ್ದಳು. "ಆ ಎಳೆಗಳೇ ಅಮ್ಮ ಕಲಾಕೃತಿ" ಎಂದಳು ಮೆಲ್ಲಗೆ.

ಸಾಕಮ್ಮ ಕೈಯಲ್ಲಿದ್ದ ಉಂಡೆಯನ್ನು ನೋಡಿದರು. ಗೋಡೆಯನ್ನು ನೋಡಿದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಿರಿಜಮ್ಮನವರು ನನ್ನ ಪಕ್ಕ ಬಂದು ನಿಂತರು. ನಾನು ಮುಂದೆ ಹೋದೆ.

"ಇವರ ಜೊತೆ ಇರಬೇಕಾದವಳು ನಾನು, ಇರಲಿಲ್ಲ" ಎಂದೆ ಯುವತಿಗೆ. "ತಪ್ಪು ನನ್ನದು. ಹೊರಗಿನ ಚಿತ್ರಗಳಿಗೆ ಸುಳ್ಳು ಅರ್ಥ ಹೇಳಿ ಇವರ ಮನಸ್ಸು ಕೆಡಿಸಿದವಳೂ ನಾನೇ. ಇದರ ಅರ್ಥವೂ ನನಗೆ ಗೊತ್ತಿಲ್ಲ."

ಆ ವಾಕ್ಯ ಆಡಿದ ಮೇಲೆ ನನಗೆ ಏನೂ ಆಗಲಿಲ್ಲ. ಛಾವಣಿ ಕುಸಿಯಲಿಲ್ಲ. ಸಾಕಮ್ಮ ನನ್ನತ್ತ ಒಮ್ಮೆ ನೋಡಿದರು.

ಯುವತಿ ಫೋನು ತೆಗೆದು ಅದನ್ನು ಮಾಡಿದ ಕಲಾವಿದೆಗೇ ಕರೆ ಮಾಡಿದಳು. ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ, ಆಮೇಲೆ ಅತ್ತ ಕಡೆಯಿಂದ ಬಂದ ಮಾತು ಕೇಳಿ ಹುಬ್ಬೇರಿಸಿ, ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿ ಸಾಕಮ್ಮನ ಮುಂದೆ ಹಿಡಿದಳು.

"ಯಾರವ್ವ ನನ್ನ ಚಂದ್ರಿಕೆ ಚೊಕ್ಕಟ ಮಾಡಿದೋರು?" ನಮ್ಮ ಕಡೆಯದೇ ಮಾತು, ಮಧ್ಯವಯಸ್ಸಿನ ದನಿ.

"ನಾನು ಕಣವ್ವ, ಸಾಕಮ್ಮ ಅಂತ. ಮಳವಳ್ಳಿ ತಾವ. ತಪ್ಪಾಯ್ತು. ಕೈ ತಡೀನಿಲ್ಲ."

"ನಾವು ಕೊಳ್ಳೇಗಾಲದ ಕಡೆಯೋರು. ಎಷ್ಟು ಕಿತ್ತ್ರಿ?"

"ಬಲಗಡೆ ಕೆಳಮೂಲೆ. ಒಂದ್ ಗೇಣು."

ಆ ಹೆಂಗಸು ನಕ್ಕಳು. "ಅಷ್ಟೇನಾ? ನಮ್ಮವ್ವ ಆಗಿದ್ರೆ ಇಷ್ಟೊತ್ಗೆ ಪೂರ್ತಿ ಕಿತ್ತು ಉರೀನೂ ತೋರ್ಸಿರೋಳು."

ಸಾಕಮ್ಮನಿಗೆ ಧೈರ್ಯ ಬಂತು. "ಗೊತ್ತಿದ್ದೂ ಯಾಕವ್ವ ಇಂಗೇ ಬುಟ್ಟೆ ಮತ್ತೆ?"

"ಗೂಡು ಮಾರ್ಕೆಟ್ಟಿಗೆ ಓಯ್ತದೆ, ಸೀರೆ ಮದ್ವೆಗೆ ಓಯ್ತದೆ. ಈ ಎಳೆ ಮಾತ್ರ ಎಲ್ಗೂ ಓಗಲ್ಲ. ಉಳ ಗೂಡು ಕಟ್ಟೋಕ್ ಮುಂಚೆ ಹಿಡಿತಕ್ಕೆ ಅಂತ ಬಿಡೋ ಎಳೆ ತಾನೆ? ಅದಿಲ್ದೆ ಗೂಡೇ ನಿಲ್ಲಲ್ಲ. ನಮ್ಮವ್ವನ ಬೆರಳು ತುಂಬ ಯಾವಾಗ್ಲೂ ಇದೇ ಅಂಟ್ಕೊಂಡಿರೋದು. ಅದ್ಕೆ ಇಟ್ಟೆ."

ಸಾಕಮ್ಮ ತಮ್ಮ ಬೆರಳುಗಳನ್ನು ನೋಡಿಕೊಂಡರು. ಎಳೆಗಳು ಅಲ್ಲಿ ಅಂಟಿಕೊಂಡಿದ್ದವು.

"ನಿಮ್ಮವ್ವ ನೋಡುದ್ಲಾ ಇದ?"

"ಇಲ್ಲ ಕಣವ್ವ. ಇದ್ನ ಕಲಿಯೋಕ್ ಓದೆ ಅಂತ ನಾಕ್ ವರ್ಷ ಮಾತ್ ಬುಟ್ಟಿದ್ಲು. ಆಮೇಲೆ ಸರಿ ಆದ್ಲು, ಊಟಕ್ಕಿಕ್ಕೋಳು, ಎಲ್ಲ ಸರಿ. ನನ್ ಕೆಲ್ಸ ನೋಡೋಕ್ ಮಾತ್ರ ಒಂದ್ ದಿನನೂ ಬರ್ನಿಲ್ಲ. ಈಗ ಅವ್ಳಿಲ್ಲ. ನೀವ್ ಬಂದು ಕೈ ಹಾಕುದ್ರಲ್ಲ, ಆ ಮೂಲೆ ಹಂಗೇ ಇರ್ಲಿ ಬುಡಿ."

ಯುವತಿ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಏನೋ ಗುರುತು ಹಾಕಿಕೊಂಡಳು. ಆ ಉಂಡೆಯನ್ನೇನು ಮಾಡಲಿ ಎಂದು ಸಾಕಮ್ಮ ಕೇಳಿದರೆ, "ಅದು ನಿಮ್ಮದೇ" ಎಂದಳು. ಸಾಕಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಆ ಕೋಣೆಯ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿ ಸಹನಾಳನ್ನು ಕೂರಿಸಿಕೊಂಡು, ಉಳಿದವರು ಊಟಕ್ಕೆ ಹೋದ ಮೇಲೂ ಆ ಚಂದ್ರಿಕೆಯನ್ನೇ ನೋಡುತ್ತಿದ್ದರು. ಈ ಸಲ ನಾನು ಜೋಡಿಯನ್ನು ಬಿಟ್ಟು ಹೋಗಲಿಲ್ಲ, ಬಾಗಿಲ ಬಳಿ ನಿಂತಿದ್ದೆ. ಅವರು ನನ್ನನ್ನು ಏನೂ ಕೇಳಲಿಲ್ಲ.

ವಾಪಸು ಬರುವಾಗ ಬಿಡದಿ ದಾಟಿದ ಮೇಲೆ ಸಾಕಮ್ಮ, "ಆ ಅರ್ಜಿ ಎಲ್ಲದೆ?" ಎಂದರು. ಸಹನಾ ಬ್ಯಾಗಿನಿಂದ ತೆಗೆದಳು. ಮಡಿಕೆ ಬೀಳದಂತೆ ಎರಡು ರಟ್ಟಿನ ನಡುವೆ ಇಟ್ಟುಕೊಂಡಿದ್ದಳು. ಸಾಕಮ್ಮ ಅದನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಮಗನಿಗೆ ಫೋನು ಮಾಡಿಸಿದರು.

"ಲೋ, ಪಾಳಿ ಮುಗುಸ್ಕಂಡು ಸೀದಾ ಮನೆಗ್ ಬಾ. ಮಗೀನ್ ಕಾಗ್ದಕ್ಕೆ ರುಜು ಹಾಕ್ಬೇಕು. ಯಾವ್ ಕಾಗ್ದ ಅಂದ್ರೆ? ಅದೇ ಕಣ್ಲಾ, ಚಿತ್ರದ್ದು."

ಫೋನಿಟ್ಟು ಮೊಮ್ಮಗಳಿಗೆ, "ಉಳ ಅಣ್ಣಾದಾಗ ಬಂದು ಕೈ ಆಕ್ಬೇಕು. ಒಬ್ಳೇ ಆಗಕಿಲ್ಲ ನಂಗೆ" ಎಂದರು. ಸಹನಾ ಹೂಂ ಎನ್ನುವ ಬದಲು ಅಜ್ಜಿಯ ಹೆಗಲಿಗೆ ಹಣೆ ಆನಿಸಿದಳು. "ಏನಮ್ಮಿ, ಸೀರೆಗೆಲ್ಲ ಇದ್ಲು ಮಾಡ್ತಿಯಲ್ಲ" ಎಂದು ಸಾಕಮ್ಮ ಗೊಣಗಿದರೂ ಹೆಗಲು ಸರಿಸಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಗಿರಿಜಮ್ಮನವರು ನಡಾವಳಿ ಪುಸ್ತಕ ತೆರೆಸಿದರು. ನಾನು ಪೆನ್ನು ಹಿಡಿದು ತಯಾರಾದೆ. ಅವರು ಒಂದು ಗಳಿಗೆ ಯೋಚಿಸಿ ಹೇಳಿದರು: "ಸದಸ್ಯೆ ಸಾಕಮ್ಮನವರು ಒಂದು ಕಲಾಕೃತಿಯ ಒಂದು ಮೂಲೆಯನ್ನು ಸ್ವಚ್ಛಗೊಳಿಸಿದರು. ಕಲಾವಿದೆ ಒಪ್ಪಿದರು." "ನನ್ನ ಬಗ್ಗೆ?" ಎಂದು ಕೇಳಿದೆ. "ಅಲ್ಲೇ ಹೇಳಿದೆಯಲ್ಲ, ಎರಡು ಸಲ ಯಾಕೆ?" ಎಂದರು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಸಹನಾ ಈಗ ಕಡೆಯ ವರ್ಷದಲ್ಲಿದ್ದಾಳೆ. ಬೆಳೆ ಕೈಗೆ ಬರುವ ವಾರ ಊರಿಗೆ ಬರುತ್ತಾಳೆ, ಮೈಸೂರಿಗೆ ವಾಪಸು ಹೋಗುವಾಗ ಬೆರಳು ತುಂಬ ಎಳೆ ಅಂಟಿಸಿಕೊಂಡು ಹೋಗುತ್ತಾಳೆ. ಹೋದ ತಿಂಗಳು ಅವರ ಕಾಲೇಜಿನಲ್ಲಿ ಮಕ್ಕಳ ಪ್ರದರ್ಶನವಿತ್ತು. ಸಾಕಮ್ಮ ಮಾತಿನ ಸಂದೇಶ ಕಳಿಸಿದರು: "ಇಮ್ಲಮ್ಮ, ನೀವ್ ನಿವೃತ್ತಿ ಆಗಿದ್ರೂ ನನ್ ಜೋಡಿ ನೀವೇ. ಬನ್ನಿ."

ಹೋದೆ. ಸಹನಾಳ ಕೆಲಸ ಒಂದು ಗೋಡೆ ತುಂಬ ಇತ್ತು. ದಪ್ಪ ಕಾಗದದ ಮೇಲೆ ಇದ್ದಿಲಿನ ಗೆರೆಗಳು, ಎಲ್ಲೋ ಶುರುವಾಗಿ ಎಲ್ಲೋ ಮುಗಿದು, ನಡುವೆ ಒಂದು ಕಡೆ ಪೂರ್ತಿ ಖಾಲಿ ಬಿಟ್ಟಿದ್ದಳು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಪಕ್ಕದಲ್ಲಿ ಸಾಕಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು ನಿಂತಿದ್ದರು.

"ಏನಿರ್ಬೋದು ಇದು?" ಎಂದರು.

"ಗೊತ್ತಿಲ್ಲ ಸಾಕಮ್ಮ."

"ನಂಗೂ ತಿಳೀನಿಲ್ಲ" ಎಂದರು, ಕುರ್ಚಿಯೊಂದನ್ನು ಕಾಲಿನಿಂದಲೇ ನನ್ನತ್ತ ಸರಿಸುತ್ತ. "ಕುಂತ್ಕಳಿ. ಬಸ್ಸಿಗಿನ್ನೂ ಹೊತ್ತದೆ, ಇನ್ನೊಸಿ ನೋಡಾವ."